ಎರಡು ಸೀಟಿನ ಕಾರೂ ಮೂರು ಡಬ್ಬಿ ಎಣ್ಣೆಯೂ

ಆ ದಿನ ಬೆಳಗ್ಗೆ ನಾನು ಅಡುಗೆಮನೆಯಲ್ಲಿ ಕೂತು ಕಡಂಬುಟ್ಟಿಗೆ ಉಂಡೆ ಕಟ್ಟುತ್ತಿದ್ದೆ. ಕೈಲ್‌ಪೊಳ್ದ್ ಹಬ್ಬದ ಬೆಳಗ್ಗೆ ಕೊಡಗಿನ ಮನೆಗಳಲ್ಲಿ ಹೆಂಗಸರಿಗೆ ಬೇರೆ ಕೆಲಸವಿರುವುದಿಲ್ಲ. ಬೆಂದ ಅಕ್ಕಿತರಿ ಅಂಟದ ಹಾಗೆ ಅಂಗೈಗೆ ನೀರು ಮುಟ್ಟಿಸಿಕೊಳ್ಳಬೇಕು, ಉಂಡೆ ಬಿರುಕು ಬಿಡದ ಹಾಗೆ ತಿರುಗಿಸಬೇಕು, ಒಂದು ಕಣ್ಣನ್ನು ಪಕ್ಕದ ಒಲೆಯಲ್ಲಿ ಕುದಿಯುವ ಹಂದಿ ಮಾಂಸದ ಮೇಲೂ ಇನ್ನೊಂದನ್ನು ಅತ್ತೆಯ ಮುಖದ ಮೇಲೂ ಇಟ್ಟಿರಬೇಕು. ನನ್ನ ಎರಡು ಕಣ್ಣೂ ಆ ದಿನ ನಡುಮನೆಯ ಗೋಡೆ ಗಡಿಯಾರದ ಮೇಲಿದ್ದವು. ಅಡುಗೆಮನೆಯಲ್ಲಿ ಕೂತವರಿಗೆ ಗಡಿಯಾರ ಕಾಣಬೇಕಾದರೆ ಕುತ್ತಿಗೆಯನ್ನು ಬಾಗಿಲಾಚೆಗೆ ಚಾಚಬೇಕು. ಹಾಗೆ ಚಾಚಿ ಚಾಚಿ ಕಟ್ಟಿದ ಉಂಡೆಗಳಲ್ಲಿ ಒಂದು ನಿಂಬೆಹಣ್ಣಿನಷ್ಟಾದರೆ ಇನ್ನೊಂದು ಕಿತ್ತಳೆಯಷ್ಟಾಗುತ್ತಿತ್ತು. ಮಾವಿ, ಎಂದರೆ ನನ್ನ ಅತ್ತೆ, ಹಬೆಯ ಪಾತ್ರೆಯ ಮುಚ್ಚಳ ಎತ್ತಿ ನೋಡಿ, ಮಗಳನ್ನು ಕರೆಯುವ ಹಾಗೆ ನನ್ನನ್ನು ಕರೆದು, "ಇದೆಂಥ ಮೋಳೆ, ತಾಯಿ ಮಕ್ಕಳು ಒಟ್ಟಿಗೆ ಫೋಟೋ ತೆಗೆಸಲಿಕ್ಕೆ ಕೂತ ಹಾಗೆ ಉಂಟಲ್ಲ" ಎಂದರು. ಬೈದದ್ದೋ ಮೆಚ್ಚಿದ್ದೋ ನನಗೆ ತಿಳಿಯಲಿಲ್ಲ. ಅವರ ಮಾತಿನಲ್ಲಿ ಅದು ತಿಳಿಯುವುದು ಎರಡು ದಿನ ಕಳೆದ ಮೇಲೆ.

ಗಡಿಯಾರ ನೋಡುವುದಕ್ಕೆ ಕಾರಣವಿತ್ತು. ಅಂದು ಸಂಜೆಯ ಕಾಫಿಯ ಹೊತ್ತಿಗೆ ಶ್ರೀಮಂಗಲದ ನನ್ನ ತವರಿಗೆ, ತಂಗಿ ಬೊಳ್ಳಮ್ಮನನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಹಬ್ಬದ ದಿನ ಹೆಣ್ಣು ನೋಡುವುದುಂಟೇ ಎಂದು ನೀವು ಕೇಳಬಹುದು. ಮೈಸೂರಿಗೆ ಸೇರದೆ ಬೇರೆಯೇ ಇರುವ ನಮ್ಮ ಕೊಡಗು ರಾಜ್ಯ ಅಂಗೈಯಷ್ಟೇ ಇದ್ದರೂ ಕೈಲ್‌ಪೊಳ್ದ್ ಮಾತ್ರ ನಾಡಿಗೊಂದು ದಿನ. ತವರಿನ ಕಡೆ ಅದು ಹಿಂದಿನ ವಾರವೇ ಮುಗಿದಿತ್ತು. ಹುಡುಗ ಕಕ್ಕಬೆಯ ಏಲಕ್ಕಿ ತೋಟದ ಮನೆಯವನು. ಅಪ್ಪನಿಗೆ ಪೂರ್ತಿ ಮನಸ್ಸಿತ್ತು. ಅವ್ವನಿಗೆ ಹುಡುಗನ ತಾಯಿಯ ದೊಡ್ಡ ಗಂಟಲಿನ ಬಗ್ಗೆ ಸ್ವಲ್ಪ ಅಳುಕಿತ್ತು. ಬೊಳ್ಳು ಮಾತ್ರ, ಹಿಂದಿನ ತಿಂಗಳು ನಾನು ಹೋಗಿದ್ದಾಗ ನನ್ನ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಹೇಳಿದ್ದಳು: "ಅಕ್ಕಾ, ನೀನು ಬಂದು ಅವನನ್ನು ನೋಡಬೇಕು. ನೀನು ತಲೆಯಾಡಿಸಿದರೆ ನಾನು ಹೂಂ ಅನ್ನುತ್ತೇನೆ. ನೀನು ಬಾರದಿದ್ದರೆ ಎಲ್ಲರ ಎದುರಿಗೇ ಉಹೂಂ ಅಂದುಬಿಡುತ್ತೇನೆ. ಅಪ್ಪ ಮನೆ ಬಿಟ್ಟು ಹೋಗು ಅಂದರೂ ಸರಿ." ಬೊಳ್ಳು ಅನ್ನುವವಳೇ. ಅಪ್ಪನೂ ಹೋಗು ಅನ್ನುವವರೇ. ಇಬ್ಬರ ನಡುವೆ ನಾನೊಬ್ಬಳು ಹೋಗಿ ನಿಲ್ಲದಿದ್ದರೆ ಒಳ್ಳೆಯ ಸಂಬಂಧವೊಂದು ಕಾಫಿ ಲೋಟದ ಎದುರಿಗೇ ಮುರಿದುಬೀಳುತ್ತದೆ ಎಂದು ನನಗೆ ರಾತ್ರಿಯಿಡೀ ನಿದ್ದೆಯಿರಲಿಲ್ಲ.

ಹೋಗುವುದಕ್ಕೆ ಮನೆಯಲ್ಲೇ ಕಾರಿತ್ತು. ಕಾರು ಎನ್ನುವಾಗ ನನ್ನ ಸ್ವರ ಸ್ವಲ್ಪ ಇಳಿಯುತ್ತದೆ. ಅಮ್ಮತ್ತಿಯ ಆಚೆಗಿನ ತೋಟದ ದೊರೆಯೊಬ್ಬರು ತೋಟ ಮಾರಿ ತಮ್ಮ ಊರಿಗೆ ಹಡಗು ಹತ್ತುವಾಗ, ನಮ್ಮವರು ಅವರಿಂದ ಅದನ್ನು ಕೊಂಡುಕೊಂಡಿದ್ದರು. ಕಡು ಹಸಿರು ಬಣ್ಣದ ರೇಸಿನ ಕಾರು. ಉದ್ದ ಮೂತಿ, ಹಿಂದೆ ಬೆನ್ನಿಗೆ ಕಟ್ಟಿಕೊಂಡ ಚಕ್ರ, ತಲೆಯ ಮೇಲೆ ಬಟ್ಟೆಯ ಟಾಪು, ಮತ್ತು ಕೂರುವುದಕ್ಕೆ ಎರಡೇ ಸೀಟು. ಅದರಲ್ಲಿ ಕೂರುವುದು ಎಂದರೆ ನೆಲದ ಮೇಲೆ ಕಾಲು ಚಾಚಿ ಕೂತ ಹಾಗೆಯೇ. ರಸ್ತೆಯಲ್ಲಿ ಹೋಗುವಾಗ ಎದುರು ಬಂದ ಎತ್ತು ನಮ್ಮನ್ನು ಮೇಲಿನಿಂದ ನೋಡುತ್ತದೆ. ಅದು ಮನೆಗೆ ಬಂದ ದಿನ ಮಾವಿ ಸುತ್ತ ಒಂದು ಸಲ ನಡೆದು, "ಎರಡೇ ಸೀಟು ತಂದಿದ್ದೀಯಲ್ಲ, ನಾಳೆ ಮಕ್ಕಳಾದರೆ ಎಲ್ಲಿ ಕೂರಿಸುತ್ತೀಯ" ಎಂದು ಮಗನನ್ನು ಕೇಳಿದರು. ಇವರು, "ಅವ್ವಾ, ಮಡಿಕೇರಿಯಲ್ಲಿ ಇಡೀ ರಾಜ್ಯವೇ ಎರಡು ಮಂತ್ರಿಗಳಲ್ಲಿ ನಡೆಯುತ್ತದೆ. ನಮ್ಮ ಸಂಸಾರ ಎರಡು ಸೀಟಿನಲ್ಲಿ ನಡೆಯುವುದಿಲ್ಲವಾ" ಎಂದರು. ಅಂದಿನಿಂದ ಆ ಕಾರು ನಮ್ಮವರ ಎರಡನೆಯ ಹೆಂಡತಿ. ಮೊದಲನೆಯವಳಿಗೆ ಜ್ವರ ಬಂದರೆ ಕಷಾಯ ಸಾಕಿತ್ತು. ಎರಡನೆಯವಳು ಸ್ವಲ್ಪ ಕೆಮ್ಮಿದರೂ ಗೋಣಿಕೊಪ್ಪಲಿನಿಂದ ಮೇಸ್ತ್ರಿ ಬರಬೇಕು.

ಈಗ ಹಬ್ಬದ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಎಡವಟ್ಟಾದದ್ದು ಅಲ್ಲೇ. ನಾಟಿ ಮುಗಿದ ಮೇಲೆ ಬರುವ ಕೈಲ್‌ಪೊಳ್ದ್ ಆಯುಧಗಳ ಹಬ್ಬ. ಮನೆಯ ಕೋವಿ, ಕತ್ತಿಗಳನ್ನೆಲ್ಲ ದೀಪದ ಮುಂದಿಟ್ಟು, ಗಂಧ ಹಚ್ಚಿ, ಕೋವಿಯ ಬಾಯಿಗೆ ತೋಕ್‌ಪೂ ಎಂಬ ಕೆಂಪು ಹಳದಿಯ ಹೂವು ಸಿಕ್ಕಿಸಿ ಪೂಜೆ ಮಾಡುತ್ತಾರೆ. ಹಿಂದಿನ ದಿನ ಗಂಡಸರೆಲ್ಲ ಜಗಲಿಯಲ್ಲಿ ಕೂತು ಕೋವಿ ಬಿಚ್ಚುತ್ತಾರೆ. ಹಳೆಯ ಎಣ್ಣೆಯನ್ನು ಚಿಂದಿಬಟ್ಟೆಯಲ್ಲಿ ಒರೆಸಿ ತೆಗೆದು, ಹೊಸ ಎಣ್ಣೆ ಸವರಿ ಜೋಡಿಸುತ್ತಾರೆ. ಹಳೆಯ ಎಣ್ಣೆಯ ಕೋವಿಯನ್ನು ದೀಪದ ಮುಂದೆ ಇಡುವುದೆಂದರೆ ಸ್ನಾನ ಮಾಡದೆ ಪೂಜೆಗೆ ಕೂತ ಹಾಗೆ. ಕಾರಿಗೆ ಅದು ನಮ್ಮ ಮನೆಯ ಮೊದಲ ಕೈಲ್‌ಪೊಳ್ದ್. ನಮ್ಮವರು ತಮ್ಮ ಕೋವಿ ಮುಗಿಸಿದರು, ಚಿಕ್ಕಪ್ಪನ ಕೋವಿ ಮುಗಿಸಿದರು, ಕೈಯಲ್ಲಿ ಚಿಂದಿ ಇನ್ನೂ ಉಳಿದಿತ್ತು, ಅಂಗಳದಲ್ಲಿ ಕಾರು ನಿಂತಿತ್ತು. ಅದರ ಹೊಟ್ಟೆಯಡಿ ನುಗ್ಗಿ ಬೋಲ್ಟ್ ಬಿಚ್ಚಿ, ಎಂಜಿನ್ನಿನ ಎಣ್ಣೆಯನ್ನೆಲ್ಲ ಬಕೆಟ್ಟಿಗೆ ಇಳಿಸಿಬಿಟ್ಟರು. ಹೊಸ ಎಣ್ಣೆ ಯಾವುದು ಎಂದು ಯೋಚಿಸಿದ್ದು ಬೋಲ್ಟ್ ತಿರುಗಿಸಿ ಕೈ ತೊಳೆದ ಮೇಲೆ.

"ಬೆಳಗ್ಗೆ ಹಾಕಿದರಾಯಿತು" ಎಂದರು. ಬೆಳಗಾದರೆ ಪೂಜೆ ಮುಗಿಯುವವರೆಗೆ ಕಾರನ್ನು ಮುಟ್ಟುವ ಹಾಗಿರುವುದಿಲ್ಲ ಎಂದು ನನಗೆ ಹೊಳೆಯಲಿಲ್ಲ. ದೀಪದ ಮುಂದಿಟ್ಟ ಆಯುಧವನ್ನು ಮನೆಯ ಹಿರಿಯರು ಎತ್ತಿಕೊಡುವವರೆಗೆ ಯಾರೂ ಮುಟ್ಟುವ ಹಾಗಿಲ್ಲ. ಮಾವಿ ಬೆಳಗಾಗುವ ಮೊದಲೇ ಎದ್ದು ಕಾರಿನ ಮೂತಿಗೆ ಗಂಧ ಹಚ್ಚಿ, ಎರಡು ದೀಪದ ಕಣ್ಣುಗಳಿಗೂ ಹೂವು ಸಿಕ್ಕಿಸಿಯಾಗಿತ್ತು. ಅಲ್ಲಿಗೆ ಕಾರೂ ಕೋವಿಯ ಸಾಲಿಗೆ ಸೇರಿತು. ಪೂಜೆ ಮುಗಿದ ಕೂಡಲೇ ಹಳೆಯ ಎಣ್ಣೆಯನ್ನಾದರೂ ಮತ್ತೆ ತುಂಬಿಸಿಕೊಂಡು ಹೋಗೋಣ ಎಂದು ನಾನು ಬಕೆಟ್ಟು ಹುಡುಕಿದರೆ, ಮಾವಿ ಅದನ್ನು ಗೆದ್ದಲು ಹಿಡಿಯದಿರಲೆಂದು ಕೊಟ್ಟಿಗೆಯ ಕಂಬಗಳಿಗೆಲ್ಲ ಬಳಿದುಬಿಟ್ಟಿದ್ದರು. ಕಂಬಗಳು ಮದುವೆಗೆ ಹೊರಟ ಹಾಗೆ ಮಿರಮಿರ ಮಿಂಚುತ್ತಿದ್ದವು. "ಒಳ್ಳೆ ಎಣ್ಣೆ" ಎಂದರು ಮಾವಿ. ಇಡೀ ದಿನದಲ್ಲಿ ಯಾವ ತಕರಾರೂ ಇಲ್ಲದೆ ಮೆಚ್ಚುಗೆ ಪಡೆದ ಎಣ್ಣೆ ಅದೊಂದೇ.

ಮಧ್ಯಾಹ್ನದ ಪೂಜೆ ಮಾಡಿದವರು ಸುಬೇದಾರ್ ಮಾವ. ಇವರು ನಮ್ಮವರ ಚಿಕ್ಕಪ್ಪ. ಯುದ್ಧದಲ್ಲಿ ಈಜಿಪ್ಟಿನ ಮರಳಿನಲ್ಲಿ ಮಿಲಿಟರಿ ಲಾರಿಗಳ ಉಸ್ತುವಾರಿ ನೋಡಿಕೊಂಡವರು. ಈಗ ಮನೆಯ ಹಿರಿಯರು. ಒಂದೊಂದೇ ಕೋವಿಯನ್ನು ಎತ್ತಿ, ಹಗೆಯ ಮೇಲೆ ಗುರಿ ತಪ್ಪದಿರಲಿ ಎಂಬ ಅರ್ಥದ ಮಾತು ಹೇಳಿ ಗಂಡಸರ ಕೈಗೆ ಕೊಟ್ಟರು. ಕಾರಿನ ಸರದಿ ಬಂದಾಗ ಸ್ವಲ್ಪ ಹೊತ್ತು ಅದನ್ನೇ ನೋಡಿದರು. ಎತ್ತಿಕೊಡುವಂತಿಲ್ಲ. ಕೊನೆಗೆ ಬೀಗದ ಕೈಯನ್ನು ಎರಡು ಕೈಯಲ್ಲಿ ಹಿಡಿದು, ಅದೇ ಗಂಭೀರ ಸ್ವರದಲ್ಲಿ ಅದೇ ಮಾತು ಹೇಳಿ ನಮ್ಮವರಿಗೆ ಕೊಟ್ಟರು. ಆ ಕಾರಿನ ಹಗೆ ಯಾರಿರಬಹುದು ಎಂದು ನಾನು ಯೋಚಿಸುತ್ತಿರುವಾಗಲೇ ರಸ್ತೆಯಲ್ಲಿ ಗೋಣಿಕೊಪ್ಪಲಿನ ಬಸ್ಸು ಹಾರ್ನ್ ಹೊಡೆಯುತ್ತಾ ಹೋಯಿತು. ಆ ಹೊತ್ತಿನ ಮೇಲೆ ನಮ್ಮ ದಾರಿಯಲ್ಲಿ ಬೇರೆ ಬಸ್ಸಿಲ್ಲ. ನಾನು ಬೆಳಗ್ಗೆಯೇ, "ಬಸ್ಸಿನಲ್ಲಿ ಹೋಗಲಾ" ಎಂದು ಕೇಳಿದ್ದೆ. "ಕಾರಿರುವ ಮನೆಯ ಹೆಂಗಸು ಬಸ್ಸಿನಲ್ಲಿ ಇಳಿದರೆ ನಿನ್ನ ಅಪ್ಪ ಏನೆಂದುಕೊಳ್ಳುತ್ತಾರೆ" ಎಂದಿದ್ದರು ನಮ್ಮವರು.

ಊಟ ಮುಗಿಯಿತು. ನಾನು ಕೆಂಪು ರೇಷ್ಮೆ ಸೀರೆಯ ನೆರಿಗೆಯನ್ನು ಹಿಂದಕ್ಕೆ ಹಾಕಿ ಉಟ್ಟು, ಕೂತರೆ ಮುದುರುತ್ತದೆಂದು ನಿಂತೇ ಇದ್ದೆ. ಅಂಗಳದಲ್ಲಿ ಮೂರು ಡಬ್ಬಿ ಎಣ್ಣೆ ಬಂದು ಕೂತಿದ್ದವು. ಒಂದು ನಮ್ಮವರು ಮಡಿಕೇರಿಯಿಂದ ತಂದಿಟ್ಟಿದ್ದ ತೆಳು ಎಣ್ಣೆ, ಮೂವತ್ತನೆಯ ನಂಬರಿನದು. ಇನ್ನೊಂದು ಸುಬೇದಾರ್ ಮಾವ ಅಟ್ಟದಿಂದ ಇಳಿಸಿದ ಮಿಲಿಟರಿ ಡಬ್ಬಿ, ಐವತ್ತನೆಯ ನಂಬರಿನ ದಪ್ಪ ಎಣ್ಣೆ. ಮೂರನೆಯದು ಗೋಣಿಕೊಪ್ಪಲಿನ ನಾಣು ಮೇಸ್ತ್ರಿ ಸೈಕಲ್ಲಿಗೆ ಕಟ್ಟಿಕೊಂಡು ಬಂದ ನಲವತ್ತು. ನಾಣು ಮೇಸ್ತ್ರಿ ಬಸ್ಸುಗಳ ರಿಪೇರಿಯವನು. ಮಲಯಾಳ ಬೆರೆತ ಕನ್ನಡ ಅವನದು. ಅವನು ಬಂದರೆ ಮನೆಯವರೆಲ್ಲ ಕೊಡವ ಭಾಷೆ ಬಿಟ್ಟು ಕನ್ನಡಕ್ಕೆ ತಿರುಗುತ್ತೇವೆ, ಹೀಗಾಗಿ ಜಗಳವೂ ಕನ್ನಡದಲ್ಲೇ ನಡೆಯಿತು.

"ಇದು ಓಡುವ ಕಾರು. ಎಂಜಿನ್ನಿನ ಸಂದುಗಳೆಲ್ಲ ಕೂದಲಿನಷ್ಟು ಸಣ್ಣ. ತೆಳು ಎಣ್ಣೆಯೇ ಆಗಬೇಕು" ಎಂದರು ನಮ್ಮವರು.

"ಓಡುವ ಕಾರು ಅಂದ ಮೇಲೆ ಬಿಸಿಯಾಗ್ತದೆ. ಬಿಸಿಯಾದರೆ ನಿನ್ನ ತೆಳು ಎಣ್ಣೆ ನೀರಾಗ್ತದೆ. ಈಜಿಪ್ಟಿನಲ್ಲಿ ನಾನು ಐವತ್ತು ಬಿಟ್ಟು ಬೇರೆ ಮುಟ್ಟಿದವನಲ್ಲ" ಎಂದರು ಸುಬೇದಾರ್ ಮಾವ.

"ಅದು ಈಜಿಪ್ಟ್ ಅಲ್ವ, ಸುಬೇದಾರ್ರೆ. ಇಲ್ಲಿ ನನಗೆ ಬಟ್ಟೆ ಒಣಗುದಿಲ್ಲ. ನಲವತ್ತು ಹಾಕಿ, ಬಸ್ಸಿಗೆ ಹಾಕುದು ಕಾರಿಗೆ ಎಂತಕ್ಕೆ ಆಗುದಿಲ್ಲ?" ಎಂದ ಮೇಸ್ತ್ರಿ, ಹಂದಿ ಕರಿಯ ಎರಡನೆಯ ಬಟ್ಟಲನ್ನು ಮಡಿಲಲ್ಲಿಟ್ಟುಕೊಂಡು.

"ಬಸ್ಸು ಮತ್ತೆ ಇದು ಒಂದೇಯಾ?" ನಮ್ಮವರಿಗೆ ನಿಜಕ್ಕೂ ನೋವಾಗಿತ್ತು. ಯಾರೋ ನನ್ನನ್ನು ದಪ್ಪಗಾಗಿದ್ದೀಯ ಎಂದಾಗಲೂ ಅವರ ಮುಖ ಹಾಗಾಗಿರಲಿಲ್ಲ.

ಹೆಂಗಸರು ಸೀರೆ ಆರಿಸಲು ಅರ್ಧ ದಿನ ತೆಗೆದುಕೊಳ್ಳುತ್ತಾರೆ ಎಂದು ಗಂಡಸರು ನಗುವುದನ್ನು ನಾನು ಮದುವೆಯಾದಂದಿನಿಂದ ಕೇಳಿದ್ದೇನೆ. ಆದರೆ ಸೀರೆಯನ್ನು ನಾವು ಕನಿಷ್ಠ ಮುಟ್ಟಿ ನೋಡುತ್ತೇವೆ, ಬೆಳಕಿಗೆ ಹಿಡಿಯುತ್ತೇವೆ. ಈ ಮೂವರು ಡಬ್ಬಿಯ ಮುಚ್ಚಳವನ್ನೇ ತೆಗೆಯದೆ ಮಾತಾಡುತ್ತಿದ್ದರು. ದೂರದ ಮೈದಾನದಲ್ಲಿ ತೆಂಗಿನಕಾಯಿಗೆ ಗುರಿಯಿಡುವ ಸ್ಪರ್ಧೆ ಶುರುವಾಗಿ ಆಗೊಮ್ಮೆ ಈಗೊಮ್ಮೆ ಕೋವಿಯ ಸದ್ದು ಕೇಳುತ್ತಿತ್ತು. ಒಂದೊಂದು ಸದ್ದಿಗೂ ನನಗೆ ಬೊಳ್ಳು ಎಲ್ಲರೆದುರು ಉಹೂಂ ಅಂದ ಹಾಗೆಯೇ ಆಗುತ್ತಿತ್ತು.

ಅಷ್ಟರಲ್ಲಿ ನಮ್ಮವರಿಗೆ ದೊರೆ ಕಾರಿನ ಜೊತೆ ಕೊಟ್ಟಿದ್ದ ಇಂಗ್ಲಿಷ್ ಪುಸ್ತಕ ನೆನಪಾಯಿತು. "ನೀನು ಕಾನ್ವೆಂಟಿನಲ್ಲಿ ಓದಿದವಳಲ್ಲವಾ, ಓದು" ಎಂದು ನನ್ನ ಕೈಗಿತ್ತರು. ಓದಿದೆ. ಚಳಿಗಾಲದಲ್ಲಿ ತೆಳು ಎಣ್ಣೆ, ಬೇಸಿಗೆಯಲ್ಲಿ ದಪ್ಪ ಎಣ್ಣೆ ಎಂದಿತ್ತು. ಮೂವರೂ ನನ್ನ ಮುಖ ನೋಡಿದರು. "ಮಳೆಗಾಲಕ್ಕೆ?" ಎಂದರು ಸುಬೇದಾರ್ ಮಾವ. ಪುಟ ತಿರುವಿ ನೋಡಿದೆ. ಆ ಪುಸ್ತಕ ಬರೆದವರ ಊರಿನಲ್ಲಿ ಮಳೆಗಾಲವೆಂಬುದೇ ಇಲ್ಲ. ನಮ್ಮ ಊರಿನಲ್ಲಿ ಅದನ್ನು ಬಿಟ್ಟು ಬೇರೆ ಕಾಲಗಳು ಬಂದು ಹೋಗುವ ನೆಂಟರಷ್ಟೇ. ಕೆಳಗೆ ಸಣ್ಣ ಅಕ್ಷರದಲ್ಲಿ, ರೇಸಿನಲ್ಲಿ ಓಡಿಸುವವರು ಹರಳೆಣ್ಣೆಯಿಂದ ಮಾಡಿದ ಎಣ್ಣೆ ಬಳಸಬಹುದು ಎಂದೂ ಇತ್ತು. ನಾನು ಅದನ್ನು ಮನಸ್ಸಿನಲ್ಲೇ ಓದಿ ಮುಂದೆ ಹೋಗಬೇಕಿತ್ತು. ಬಾಯಿಬಿಟ್ಟು ಓದಿದೆ.

"ಹರಳೆಣ್ಣೆಯಾ?" ಜಗಲಿಯಲ್ಲಿದ್ದ ಮಾವಿ ಎದ್ದು ನಿಂತರು. "ಅಷ್ಟಕ್ಕೆ ಇಷ್ಟು ಹೊತ್ತು ಜಗಳ ಮಾಡಿದಿರಾ? ಮನೆಯಲ್ಲೇ ಬಾಟಲಿ ತುಂಬ ಉಂಟು." ತರಲಿಕ್ಕೆ ಒಳಗೆ ಹೊರಟೇಬಿಟ್ಟರು. ಕಾನ್ವೆಂಟಿನಲ್ಲಿ ಶನಿವಾರ ಬೆಳಗ್ಗೆ ಸಿಸ್ಟರೊಬ್ಬರು ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ, ಚಮಚದಲ್ಲಿ ಹರಳೆಣ್ಣೆ ಕುಡಿಸುತ್ತಿದ್ದರು. ಮೂಗು ಹಿಡಿದುಕೊಳ್ಳಲು ಬಿಡುತ್ತಿರಲಿಲ್ಲ. ಅದು ಒಳ್ಳೆಯ ಮನೆತನದ ಹುಡುಗಿಯರ ಲಕ್ಷಣವಲ್ಲವಂತೆ. ಆಮೇಲೆ ಒಂದು ಪೆಪ್ಪರ್‌ಮಿಂಟು ಕೊಡುತ್ತಿದ್ದರು. ಅಂದು ನಾವು ಓಡಿದ ಓಟವನ್ನು ನೆನೆದರೆ, ರೇಸಿನವರು ಅದನ್ನೇ ಯಾಕೆ ಆರಿಸಿಕೊಂಡರೆಂದು ಅರ್ಥವಾಗುತ್ತದೆ. ಆದರೆ ಹಾಗೆ ಓಡಿದವರು ಎಲ್ಲಿಗೆ ಹೋಗಿ ನಿಲ್ಲುತ್ತಾರೆಂಬುದೂ ನನಗೆ ಗೊತ್ತಿತ್ತು, ಶ್ರೀಮಂಗಲಕ್ಕಂತೂ ಅಲ್ಲ. ಮಾವಿಯ ಕೈಯಿಂದ ಬಾಟಲಿಯನ್ನು ಮೆತ್ತಗೆ ಇಸಿದುಕೊಂಡು ಒಳಗಿಟ್ಟೆ.

ಒಳಗೆ ಹೋದವಳ ಕಣ್ಣಿಗೆ ಕಾಚಂಪುಳಿಯ ಜಾಡಿ ಬಿತ್ತು. ಹಂದಿ ಕರಿಗೆ ಹಾಕುವ ಈ ಕಪ್ಪು ಹುಳಿಯನ್ನು ಕಾಯಿಸುವಾಗ ಹದ ಬಂತೋ ಇಲ್ಲವೋ ಎಂದು ನಾವು ಸೌಟಿನಿಂದ ಇಳಿಬಿಟ್ಟು ನೋಡುತ್ತೇವೆ. ಸರ್ರನೆ ಸುರಿದರೆ ಇನ್ನೂ ನೀರು, ಸೌಟಿಗೇ ಅಂಟಿಕೊಂಡರೆ ಕೆಟ್ಟಿತು, ಎಳೆಯಾಗಿ ಇಳಿದು ಕೊನೆಗೆ ಹನಿಯಾಗಿ ನಿಂತರೆ ಸರಿ. ಎಂಜಿನ್ನಿನ ಒಳಗೇನಿದೆಯೋ ನನಗೆ ಗೊತ್ತಿಲ್ಲ. ಆದರೆ ಹದ ಎಂಬುದು ಲೋಕಕ್ಕೆಲ್ಲ ಒಂದೇ ಇರಬೇಕಲ್ಲ ಎಂದುಕೊಂಡು ದೊಡ್ಡ ಸೌಟು ಹಿಡಿದು ಅಂಗಳಕ್ಕೆ ಬಂದೆ. ಮಾವಿ ಸೌಟನ್ನು ನೋಡಿದ ನೋಟವನ್ನು ಇಲ್ಲಿ ಬರೆಯಲಾರೆ. ರೇಷ್ಮೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕಾರಿನ ಪಕ್ಕ ಬಾಗಿ, ಒಂದೊಂದೇ ಡಬ್ಬಿಯ ಮುಚ್ಚಳ ತೆಗೆಸಿ ಸೌಟಿನಲ್ಲಿ ಎತ್ತಿ ಇಳಿಬಿಟ್ಟೆ. ನಮ್ಮವರದ್ದು ಸಾರಿನ ಹಾಗೆ ಸುರಿದುಹೋಯಿತು. ಸುಬೇದಾರ್ ಮಾವನದ್ದು ಆ ದಿನದ ಥಂಡಿಗೆ ಸೌಟು ಬಿಟ್ಟು ಬರಲೇ ಇಲ್ಲ. ಯುದ್ಧ ಮುಗಿದದ್ದು ಅದಕ್ಕಿನ್ನೂ ತಿಳಿಯದ ಹಾಗಿತ್ತು. ಮೇಸ್ತ್ರಿಯದ್ದು ಎಳೆಯಾಗಿ ಇಳಿದು ಹನಿಯಾಗಿ ನಿಂತಿತು. "ಇದು" ಎಂದೆ. ಅದು ಎಂಜಿನ್ನಿಗೆ ಸರಿಯೋ ತಪ್ಪೋ ನನಗೆ ತಿಳಿಯದು. ನಾನು ಆ ಹೊತ್ತಿನಲ್ಲಿ ಯಾವುದಾದರೊಂದನ್ನು ತೋರಿಸದಿದ್ದರೆ ಸಂಜೆಯಾಗುವವರೆಗೂ ಯಾರೂ ತೋರಿಸುವವರಿರಲಿಲ್ಲ.

ಆಶ್ಚರ್ಯವೆಂದರೆ ಮೂವರೂ ಗೆದ್ದರು. ಮೇಸ್ತ್ರಿ, "ನಾನು ಮೊದಲೇ ಹೇಳ್ಲಿಲ್ವ" ಎಂದು ಬಟ್ಟಲನ್ನು ಕೆಳಗಿಟ್ಟ. ಸುಬೇದಾರ್ ಮಾವ, "ಈ ಚಳಿಗೆ ನಲವತ್ತು ಅಂದರೆ ಈಜಿಪ್ಟಿನ ಐವತ್ತಕ್ಕೇ ಸಮ" ಎಂದರು. ನಮ್ಮವರು ನನ್ನ ಕಿವಿಯ ಹತ್ತಿರ, "ಎಂಜಿನ್ ಬಿಸಿಯಾಗಲಿ, ಅದೂ ಮೂವತ್ತರ ಹಾಗೆಯೇ ಆಗುತ್ತದೆ" ಎಂದು ಪಿಸುಗುಟ್ಟಿದರು.

ಇನ್ನು ಹೊರಡುವುದೊಂದೇ ಬಾಕಿ ಎಂದು ನಾನು ಬಾಗಿಲು ತೆರೆದು ಕೂತೇಬಿಟ್ಟೆ. ಮೇಸ್ತ್ರಿ ಬಾನೆಟ್ ಎತ್ತಿದ. ಹಳೆಯ ಎಣ್ಣೆಯ ಕೊಳೆ ಒಳಗೆ ಉಳಿದಿರುತ್ತದೆ, ಮೊದಲು ಸ್ವಲ್ಪ ಹೊಸ ಎಣ್ಣೆ ಹಾಕಿ ಎಂಜಿನ್ ತೊಳೆದು ಇಳಿಸಿ, ಆಮೇಲೆ ಪೂರ್ತಿ ತುಂಬಬೇಕು ಎಂದ. ಈ ಒಂದು ಮಾತಿನಲ್ಲಿ ಮೂವರಿಗೂ ಒಮ್ಮತವಿತ್ತು. ಹಾಕಿದರು, ಓಡಿಸಿದರು, ಹೊಟ್ಟೆಯಡಿ ನುಗ್ಗಿ ಇಳಿಸಿದರು. ಹನಿ ಬೀಳುವುದು ನಿಲ್ಲುವವರೆಗೆ ಕಾಯಬೇಕಂತೆ. ಕಾರಿನಡಿಯಿಂದ ಟಪ್, ಟಪ್ ಎಂದು ಹನಿ ಬೀಳುವುದನ್ನು ನಾನು ಸೀಟಿನಲ್ಲಿ ಕೂತೇ ಕೇಳಿದೆ. ಇನ್ನು ನಿಂತಿತು ಎನ್ನುವಾಗ ಮತ್ತೊಂದು ಬೀಳುತ್ತಿತ್ತು. ಮಾವಿ ಬಂದು, ತೊಟ್ಟಿಕ್ಕಿದ್ದನ್ನು ಹಿಡಿಯಲು ಚೊಂಬು ಇಟ್ಟು ಹೋದರು. ಕೊಟ್ಟಿಗೆಯಲ್ಲಿ ಒಂದು ಕಂಬ ಬಾಕಿಯಿತ್ತಂತೆ. ಕೊನೆಗೆ ಪೂರ್ತಿ ತುಂಬಿ, ಕಡ್ಡಿ ಅದ್ದಿ ನೋಡಿ, ಎಣ್ಣೆಯ ಒತ್ತಡ ತೋರಿಸುವ ಮುಳ್ಳು ಮೇಲೆ ಏರುವುದನ್ನು ಮೂವರೂ ತಲೆಗೆ ತಲೆ ತಾಗಿಸಿ ನೋಡಿ, ನಮ್ಮನ್ನು ಬೀಳ್ಕೊಡುವಾಗ ಮೈದಾನದ ಸ್ಪರ್ಧೆ ಮುಗಿದು ಜನ ಮನೆಗೆ ಹಿಂದಿರುಗುತ್ತಿದ್ದರು.

ಕಾರೇನೋ ಚೆನ್ನಾಗಿಯೇ ಓಡಿತು. ನಮ್ಮವರು ಆ ಮುಳ್ಳನ್ನು ಒಮ್ಮೆ, ರಸ್ತೆಯನ್ನು ಒಮ್ಮೆ ನೋಡುತ್ತಾ, "ಕೇಳು, ಎಂಜಿನ್ ಹೇಗೆ ಮೆತ್ತಗೆ ಮಾತಾಡುತ್ತಿದೆ" ಎಂದರು. ನನಗೆ ಕೇಳಿಸುತ್ತಿದ್ದುದು ಅಪ್ಪನ ಸ್ವರ. ಅವರು ಈಗ ಎದ್ದು ನಿಂತಿರಬೇಕು, ಅವ್ವ ಅಡುಗೆಮನೆಯ ಬಾಗಿಲಲ್ಲಿ ಕೈ ಒರೆಸಿಕೊಳ್ಳುತ್ತಿರಬೇಕು, ಕಕ್ಕಬೆಯವರು ಮುಟ್ಟದ ತಿಂಡಿಯನ್ನು ಬಿಟ್ಟು ಚಪ್ಪಲಿ ಹುಡುಕುತ್ತಿರಬೇಕು. ಬೊಳ್ಳು ಒಳಗೆ ಅಳುತ್ತಿರಬೇಕು, ಅಕ್ಕ ಯಾಕೆ ಬರಲಿಲ್ಲವೆಂದು. ಪೊನ್ನಂಪೇಟೆ ದಾಟುವಾಗ ಬೆಳಕು ಇಳಿದಿತ್ತು, ಸಣ್ಣ ಮಳೆ ಹಿಡಿದಿತ್ತು. ತಿರುವಿನಲ್ಲಿ ಎದುರಿನಿಂದ ಜೀಪೊಂದು ಬಂದು ನಮ್ಮ ಪಕ್ಕಕ್ಕೇ ನಿಂತಿತು. ನಮ್ಮ ಪಕ್ಕದ ಗದ್ದೆಯ ರಾಮೇಗೌಡರು. ಹಾಸನದ ಕಡೆಯಿಂದ ಬಂದು ಶಿರಂಗಾಲದಲ್ಲಿ ನೆಲೆಸಿದ ಮನೆತನದವರು, ಈಗ ನಮ್ಮಲ್ಲಿ ಗದ್ದೆ ಮಾಡಿಕೊಂಡಿದ್ದಾರೆ. ಮಿಲಿಟರಿಯವರು ಹರಾಜು ಹಾಕಿದ ಜೀಪು ಅವರದು. ಎತ್ತರದ ಸೀಟಿನಿಂದ ಬಾಗಿ, ಬಾವಿಯೊಳಗೆ ಇಣುಕುವ ಹಾಗೆ ನಮ್ಮನ್ನು ನೋಡಿದರು.

"ಇದೇನಮ್ಮ, ಈಗ ಹೊರಟ್ರಾ? ನಿಮ್ ತಂದೆ ಮನೇಲೇ ಕಾಫಿ ಕುಡ್ಕಂಡ್ ಬಂದೆ. ಎತ್ತು ನೋಡಾಕೆ ಅಂತ ಶ್ರೀಮಂಗಲಕ್ಕೆ ಹೋಗಿದ್ದೆ, ದಾರೀಲಿ ಕಂಡು ಕರೆದ್ರು."

ನಾನು ಸೀಟಿನಿಂದ ಅರ್ಧ ಎದ್ದೆ. "ಗಂಡಿನ ಕಡೆಯವರು ಎದ್ದು ಹೋದರಾ?"

"ಯಾಕೆ ಹೋಗ್ತಾರೆ? ಊಟಕ್ಕೆ ನಿಂತವ್ರೆ. ನಿಮ್ ತಂಗಿ ಒಂದ್ ಗಳಿಗೆ ರಸ್ತೆ ಕಡೆ ನೋಡಿದ್ಲು. ಆಮೇಲೆ ಆ ಹುಡುಗನ್ನ ತಾನೇ ಕರ್ಕಂಡು ಹಿತ್ಲಿಗೆ ಹೋಗಿ, ಅದೇನೋ ಎರಡು ಮಾತಾಡಿ, ನಗ್‌ನಗ್ತಾ ಬಂದು ಹೂಂ ಅಂದ್ಳು. ನನ್ ಲೋಟದ ಕಾಫಿ ಇನ್ನೂ ಆರಿರಲಿಲ್ಲ."

ನಮ್ಮವರು ಗಟ್ಟಿಯಾಗಿ ನಕ್ಕರು. ನನಗೆ ಎದೆಯ ಮೇಲಿನ ಕಲ್ಲು ಇಳಿದ ಹಾಗೂ ಆಯಿತು, ಆ ಕಲ್ಲನ್ನು ಯಾರೋ ನನ್ನನ್ನು ಕೇಳದೆ ಎತ್ತಿಕೊಂಡು ಹೋದ ಹಾಗೂ ಆಯಿತು. ನಾನಿಲ್ಲದೆ ಆ ಮನೆಯಲ್ಲಿ ಹೂಂ ಎನ್ನುವುದು ಇಷ್ಟು ಸಲೀಸೆಂದು ಮೊದಲೇ ತಿಳಿದಿದ್ದರೆ ಹಿಂದಿನ ರಾತ್ರಿ ನಿದ್ದೆಯನ್ನಾದರೂ ಮಾಡುತ್ತಿದ್ದೆ. "ಹುಡುಗ ಹೇಗಿದ್ದಾನೆ, ಗೌಡರೆ?" ಎಂದು ಕೇಳಿದೆ, ಸ್ವರವನ್ನು ಆದಷ್ಟು ಅಕ್ಕನ ಸ್ವರ ಮಾಡಿಕೊಂಡು.

"ಹುಡುಗನ್ನ ನಾನೆಲ್ಲಿ ನೋಡ್ದೆ ತಾಯಿ, ನನ್ ತಲೆ ತುಂಬ ಎತ್ತೇ ಇತ್ತು" ಎಂದು ಗೌಡರು ಗೇರು ಹಾಕಿದರು. ಜೀಪು ಎರಡು ಮಾರು ಮುಂದೆ ಉರುಳಿದ ಮೇಲೆ, ಏನೋ ನೆನಪಾದವರ ಹಾಗೆ ತಲೆ ಹೊರಗೆ ಹಾಕಿದರು. "ಮಧ್ಯಾಹ್ನ ಖಾಲಿ ಜೀಪಲ್ಲೇ ಹೋದೆ ಕಣಮ್ಮ. ನಿಮ್ಮನ್ನೂ ಕರ್ಕಂಡ್ ಹೋಗಾನ ಅಂತ ಗೇಟ್ ಹತ್ರ ನಿಲ್ಸಿದ್ದೆ. ನೋಡಿದ್ರೆ ನೀವು ರೇಷ್ಮೆ ಸೀರೆ ಉಟ್ಕಂಡು, ಸೌಟು ಹಿಡ್ಕಂಡು ಕಾರಿಗೆ ಬಡಿಸ್ತಾ ಇದ್ರಿ. ಊಟಕ್ಕೆ ಕೂತೋರನ್ನ ನಡುವಲ್ಲಿ ಏಳಿಸಬಾರ್ದು ಅಂತ ಸುಮ್ನೆ ಹೊರಟೋದೆ."